ಸಣ್ಣ ಪಕ್ಷದ ದೊಡ್ಡ ಪ್ರಶ್ನೆ

ಚುನಾವಣೆಯ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ಅಚ್ಚಾಗುವ ಪಟ್ಟಿಯ ಕೊನೆಗೆ ‘ಇತರರು’ ಎಂಬ ಒಂದು ಸಾಲು ಇರುತ್ತದೆ. ಗೆದ್ದವರ ಹೆಸರನ್ನು ಓದಿ ಮುಗಿಸಿದವರು ಆ ಸಾಲಿನ ಗೊಡವೆಗೆ ಹೋಗುವುದು ಅಪರೂಪ. ನನಗಾದರೋ ಅದರಲ್ಲಿಯೇ ಆಸಕ್ತಿ ಹೆಚ್ಚು. ದೊಡ್ಡ ಪಕ್ಷಗಳು ಎಲ್ಲ ಪ್ರಶ್ನೆಗಳಿಗೂ ಉತ್ತರ ತಮ್ಮಲ್ಲಿದೆಯೆಂದು ಸಾರುತ್ತವೆ. ಸಣ್ಣ ಪಕ್ಷವಾದರೆ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ನಿಂತಿರುತ್ತದೆ. ‘ನಮ್ಮ ನಾಡಿನ ಯಜಮಾನಿಕೆ ಎಲ್ಲಿರಬೇಕು?’ ಎಂಬ ಪ್ರಶ್ನೆಯನ್ನು ಹಿಡಿದು ನಿಂತ ಪಕ್ಷಗಳ ವಿಷಯವಾಗಿ ಇಲ್ಲಿ ಕೆಲವು ಮಾತು ಹೇಳಬೇಕೆಂದಿದ್ದೇನೆ. ನಮ್ಮ ಕೋಟುಮಚಗಿಯಂಥ ಊರಿನಲ್ಲಿ ಕುಳಿತು ನೋಡುವವನಿಗೆ ದಿಲ್ಲಿಯೂ ದೂರ, ಬೆಂಗಳೂರೂ ದೂರ. ಆದಕಾರಣ ಈ ಪ್ರಶ್ನೆ ಅವನಿಗೆ ಬರಿಯ ಪುಸ್ತಕದ ಪ್ರಶ್ನೆಯಲ್ಲ.

ಮೊದಲು ಹೊರಗಿನ ಒಂದು ನಿದರ್ಶನವನ್ನು ನೋಡೋಣ. ಬಾಲ್ಟಿಕ್ ಕಡಲ ತಡಿಯ ಎಸ್ತೋನಿಯಾ ಹದಿಮೂರು ಲಕ್ಷ ಜನರ ಪುಟ್ಟ ದೇಶ. 1991ರಲ್ಲಿ ಅದು ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡಿತು. ಹನ್ನೆರಡು ವರ್ಷಗಳ ಮೇಲೆ, 2003ರ ಸೆಪ್ಟೆಂಬರಿನಲ್ಲಿ, ಯುರೋಪಿನ ಒಕ್ಕೂಟವನ್ನು ಸೇರಬೇಕೆ ಬೇಡವೆ ಎಂದು ಅಲ್ಲಿ ಜನಮತ ಕೇಳಲಾಯಿತು. ಮೂರರಲ್ಲಿ ಎರಡು ಪಾಲು ಜನ ಸೇರಬೇಕೆಂದರು. ಒಂದು ಒಕ್ಕೂಟದ ನೊಗವನ್ನು ಕಳಚಿದ ಕೂಡಲೇ ಇನ್ನೊಂದಕ್ಕೆ ಹೆಗಲು ಕೊಡುವುದು ಎಂಥ ಜಾಣತನ ಎಂದು ವಿರೋಧಿಸಿದವರಲ್ಲಿ ಎಸ್ತೋನಿಯಾ ಸ್ವಾತಂತ್ರ್ಯ ಪಕ್ಷವೆಂಬ ಸಣ್ಣ ಗುಂಪೂ ಒಂದು. ಚುನಾವಣೆಗಳಲ್ಲಿ ಅದಕ್ಕೆ ನೂರಕ್ಕೆ ಒಂದು ಮತವೂ ಬೀಳಲಿಲ್ಲ. ಸ್ಕಾಟ್ಲೆಂಡಿನ ಕಥೆ ಇನ್ನೂ ವಿಚಿತ್ರವಾದುದು. ಅಲ್ಲಿಯ ರಾಷ್ಟ್ರೀಯ ಪಕ್ಷವು 1975ರ ಜನಮತಗಣನೆಯಲ್ಲಿ ಯುರೋಪಿನ ಸಮುದಾಯವನ್ನು ವಿರೋಧಿಸಿತ್ತು. 1988ರಿಂದೀಚೆಗೆ ‘ಯುರೋಪಿನೊಳಗೇ ಸ್ವಾತಂತ್ರ್ಯ’ ಎಂದು ರಾಗ ಬದಲಿಸಿತು. ಲಂಡನ್ನೂ ಬೇಡ, ಬ್ರಸೆಲ್ಸೂ ಬೇಡ ಎನ್ನುವವರು ಅಲ್ಲಿ ಚಿಕ್ಕ ಚಿಕ್ಕ ಪಕ್ಷಗಳಾಗಿ ಉಳಿದರು. ಇವರನ್ನು ಹುಚ್ಚರೆಂದು ನಕ್ಕುಬಿಡುವುದು ಸುಲಭ. ಆದರೆ ನಿರ್ಧಾರ ಮಾಡುವ ಚಾವಡಿ ಮನೆಯಿಂದ ದೂರ ಹೋದಷ್ಟೂ ಮನೆಯವನ ಮಾತು ಕೇಳಿಸದಾಗುತ್ತದೆ ಎಂಬ ಅವರ ಅಳುಕು ಹುಚ್ಚಿನದಲ್ಲ.

ನಮ್ಮಲ್ಲಿ ಕನ್ನಡದ ಹೆಸರು ಹೊತ್ತು ನಿಂತ ಯಾವ ಗಣ್ಯ ಪಕ್ಷವೂ ಭಾರತದಿಂದ ಬೇರೆಯಾಗಬೇಕೆಂದು ಕೇಳಿಲ್ಲ. ನೆರೆಯ ತಮಿಳುನಾಡಿನ ದ್ರಾವಿಡ ಮುನ್ನೇತ್ರ ಕಳಗ ಹಾಗೆ ಕೇಳಿತ್ತು. ಅವರ ದ್ರಾವಿಡನಾಡಿನ ನಕಾಶೆಯಲ್ಲಿ ನಮ್ಮನ್ನೂ ಸೇರಿಸಿದ್ದರು, ನಮ್ಮನ್ನು ಕೇಳಿ ಅಲ್ಲ. 1963ರಲ್ಲಿ ಸಂವಿಧಾನದ ಹದಿನಾರನೆಯ ತಿದ್ದುಪಡಿ ಬಂದಾಗ ಆ ಪಕ್ಷ ಪ್ರತ್ಯೇಕತೆಯನ್ನು ಕೈಬಿಟ್ಟು ರಾಜ್ಯಗಳ ಸ್ವಾಯತ್ತತೆಯ ದಾರಿ ಹಿಡಿಯಿತು. 1967ರಲ್ಲಿ ಅಧಿಕಾರಕ್ಕೂ ಬಂದಿತು. ಕನ್ನಡಿಗರ ಹೋರಾಟ ಮೊದಲಿನಿಂದಲೂ ಬೇರೆ ಬಗೆಯದು. ಹೊರಗೆ ಹೋಗುವುದಕ್ಕಿಂತ, ಹರಿದು ಹಂಚಿಹೋದ ಮನೆಯನ್ನು ಒಂದಾಗಿಸಿಕೊಂಡು ತನ್ನ ಪಾಲನ್ನು ಕೇಳುವುದೇ ಅದರ ಗುರಿಯಾಗಿತ್ತು.

ನಮ್ಮ ಸೀಮೆಯಲ್ಲಿ ನಿಂತು ನೋಡಿದರೆ ಈ ಹರಕು ಕಣ್ಣಿಗೆ ಕಟ್ಟುತ್ತದೆ. ಸ್ವಾತಂತ್ರ್ಯ ಬಂದಾಗ ಕೋಟುಮಚಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಮೂಡಲಿನ ಕೊಪ್ಪಳ ನಿಜಾಮನದು. ತೆಂಕಲಿನ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಒಂದೇ ಮಾತನಾಡುವ ಜನ ಮೂರು ಸರಕಾರಗಳಿಗೆ ಕಂದಾಯ ಕಟ್ಟುತ್ತಿದ್ದರು. ಏಕೀಕರಣದ ಮಾತನ್ನು ದೊಡ್ಡ ಪಕ್ಷ ಮುಂದೂಡುತ್ತ ಬಂದಾಗ, ನೆರೆಯ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ವಿಧಾನಸಭೆಯ ಸ್ಥಾನವನ್ನೇ ತ್ಯಜಿಸಿದರು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು 23 ದಿನ ಉಪವಾಸ ಕುಳಿತರು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದರು. ಅಖಂಡ ಕರ್ನಾಟಕ ರಾಜ್ಯ ನಿರ್ಮಾಣ ಪರಿಷತ್ತು ಚುನಾವಣೆಗೆ ಇಳಿದು ಕಾಂಗ್ರೆಸ್ಸಿಗೆ ಸೋಲಿನ ರುಚಿ ತೋರಿಸಿತು. ಮೂರೇ ವರ್ಷಗಳಲ್ಲಿ, 1956ರ ನವೆಂಬರ್ 1ರಂದು, ರಾಜ್ಯ ಒಂದಾಯಿತು. ಆ ಪರಿಷತ್ತಿನ ಹೆಸರು ಇಂದಿನ ವಿದ್ಯಾರ್ಥಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ಅದರ ಪ್ರಶ್ನೆಯನ್ನು ದೊಡ್ಡವರು ಎತ್ತಿಕೊಳ್ಳಬೇಕಾಯಿತು. ಕೇಳಿದ ಗುಂಪು ಮರೆಗೆ ಸರಿಯಿತು. ಸಣ್ಣ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಗತಿ ಬೇರೊಂದಿಲ್ಲವೆಂದೇ ನನ್ನ ಭಾವನೆ.

ಅರ್ಧ ಶತಮಾನದ ಮೇಲೆ ಇನ್ನೊಂದು ಪ್ರಯತ್ನ ನಡೆಯಿತು. ಗದುಗಿನವರೇ ಆದ, ಸಾರಿಗೆ ಮತ್ತು ಪತ್ರಿಕೋದ್ಯಮಗಳಲ್ಲಿ ಹೆಸರಾದ ವಿಜಯ ಸಂಕೇಶ್ವರರು ಕನ್ನಡನಾಡು ಪಕ್ಷವನ್ನು ಕಟ್ಟಿ 2004ರ ವಿಧಾನಸಭಾ ಚುನಾವಣೆಗೆ ನಿಂತರು. 224 ಸ್ಥಾನಗಳಲ್ಲಿ ಆ ಪಕ್ಷಕ್ಕೆ ದಕ್ಕಿದ್ದು ಒಂದು. ಅದೇ ಚುನಾವಣೆಯಲ್ಲಿ ಚಾಮರಾಜನಗರದಿಂದ ವಾಟಾಳ್ ನಾಗರಾಜರು ಗೆದ್ದು, ಅವರ ಕನ್ನಡ ಚಳವಳಿ ಪಕ್ಷಕ್ಕೂ ಒಂದು ಸ್ಥಾನ ಬಂದಿತು. ಅಲ್ಲಿಂದೀಚೆಗೆ ನಾಡಿನ ಹೆಸರು ಹೊತ್ತ ಪಕ್ಷಗಳು ಬಂದಿವೆ, ಹೋಗಿವೆ; 2013ರಲ್ಲಿ ಆರು ಸ್ಥಾನ ಗೆದ್ದ ಕರ್ನಾಟಕ ಜನತಾ ಪಕ್ಷ ಮರುವರ್ಷವೇ ತನ್ನ ತವರುಮನೆಯಾದ ದೊಡ್ಡ ಪಕ್ಷದಲ್ಲಿ ಲೀನವಾಯಿತು. ಕನ್ನಡಿಗರಿಗೆ ನಾಡಿನ ಅಭಿಮಾನವಿಲ್ಲ, ಅದಕ್ಕೇ ಪ್ರಾದೇಶಿಕ ಪಕ್ಷ ಬೇರೂರಲಿಲ್ಲ ಎಂದು ಕೆಲವರು ಹಳಹಳಿಸುತ್ತಾರೆ. ನಾನು ಇದನ್ನು ಒಪ್ಪಲಾರೆ. ಅಭಿಮಾನಕ್ಕೆ ಕೊರತೆಯಿಲ್ಲ, ನಾಯಕನೊಬ್ಬನ ಮುನಿಸಿನಿಂದ ಹುಟ್ಟಿದ ಪಕ್ಷ ಆ ಮುನಿಸು ತಣಿದ ದಿನ ತೀರಿಹೋಗುತ್ತದೆ. 1953ರ ಪರಿಷತ್ತಿಗೆ ಪ್ರಶ್ನೆಯೇ ಬಂಡವಾಳವಾಗಿತ್ತು.

ಹಾಗಾದರೆ ಇಂದು ಪ್ರಶ್ನೆ ಉಳಿದಿಲ್ಲವೆ? ಧಾರಾಳವಾಗಿ ಉಳಿದಿದೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದೊಳಗೆ ಕರ್ನಾಟಕದ ಪಾಲು ಹದಿನಾಲ್ಕನೆಯ ಹಣಕಾಸು ಆಯೋಗದ ಕಾಲಕ್ಕೆ ನೂರಕ್ಕೆ 4.713 ಇತ್ತು, ಹದಿನೈದನೆಯ ಆಯೋಗ ಅದನ್ನು 3.647ಕ್ಕೆ ಇಳಿಸಿತು. 2017ರ ಜುಲೈಯಿಂದ ಸರಕು ಮತ್ತು ಸೇವಾ ತೆರಿಗೆ ಬಂದು, ರಾಜ್ಯ ತಾನೇ ತೆರಿಗೆಯ ದರ ಗೊತ್ತುಮಾಡುವ ಅಧಿಕಾರವೂ ಬಹಳಷ್ಟು ಸವೆಯಿತು. 2024ರ ಫೆಬ್ರುವರಿಯಲ್ಲಿ ರಾಜ್ಯದ ಮಂತ್ರಿಮಂಡಲವೇ ದಿಲ್ಲಿಗೆ ಹೋಗಿ ಜಂತರ್ ಮಂತರಿನಲ್ಲಿ ಧರಣಿ ಕುಳಿತಿತು. ಸಣ್ಣ ಪಕ್ಷಗಳ ಮಾತು ಆಳುವ ಪಕ್ಷದ ಬಾಯಲ್ಲಿ ಬಂದ ದಿನವದು.

ಇಲ್ಲಿಗೆ ನಿಲ್ಲಿಸಿದರೆ ನ್ಯಾಯವಾಗದು. ಆ ಪಾಲು ಇಳಿದದ್ದೇಕೆ? ಆಯೋಗದ ಸೂತ್ರದಲ್ಲಿ ನೂರಕ್ಕೆ 45ರಷ್ಟು ತೂಕ ತಲಾ ಆದಾಯದ ಅಂತರಕ್ಕೆ. ಸಿರಿವಂತ ರಾಜ್ಯಕ್ಕೆ ಕಡಿಮೆ, ಬಡ ರಾಜ್ಯಕ್ಕೆ ಹೆಚ್ಚು. ಬೆಂಗಳೂರಿನ ಗಳಿಕೆಯಿಂದ ನಮ್ಮ ಸರಾಸರಿ ಏರಿತು. ಎರೆಹೊಲದಲ್ಲಿ ಮಳೆಯ ದಾರಿ ಕಾಯುತ್ತ ಕಡಲೆ, ಮೆಣಸಿನಕಾಯಿ ಬೆಳೆಯುವ ಕೋಟುಮಚಗಿಯ ಒಕ್ಕಲಿಗನಿಗೆ ಆ ಗಳಿಕೆಯಲ್ಲಿ ಎಷ್ಟು ಬಂದಿತು? ಲೆಕ್ಕದಲ್ಲಿ ಅವನು ಬೆಂಗಳೂರಿನವನಷ್ಟೇ ಉಳ್ಳವನು, ಮನೆಯಲ್ಲಿ ಅಲ್ಲ. ದಿಲ್ಲಿಯ ಸರಾಸರಿ ಅವನನ್ನು ಮರೆತಂತೆ ಬೆಂಗಳೂರಿನ ಆಯವ್ಯಯವೂ ಮರೆತರೆ, ಅವನಿಗೆ ಎರಡರ ನಡುವೆ ಭೇದವೇನು?

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಇಲ್ಲಿ ನೆನಪಾಗುತ್ತದೆ. ದಿಲ್ಲಿಯ ಮುಂದೆ ಸೊಸೆಯಾಗಿ ಅಳುವ ರಾಜ್ಯ, ಹಳ್ಳಿಯ ಮುಂದೆ ತಾನೇ ಅತ್ತೆಯಾಗಿ ಕೂಡುತ್ತದೆ. ಅಬ್ದುಲ್ ನಜೀರ್ ಸಾಬರ ದೂರದೃಷ್ಟಿಯಿಂದ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿ ಇಡೀ ದೇಶಕ್ಕೆ ಮೇಲ್ಪಂಕ್ತಿ ಹಾಕಿದ ನಾಡು ನಮ್ಮದು. ಅದೇ ನಾಡಿನಲ್ಲಿ, 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷ ವರ್ಷಗಳೇ ಕಳೆದರೂ ಚುನಾವಣೆ ನಡೆಯಲಿಲ್ಲ. ಒಂದು ಪಕ್ಷದ ಸರಕಾರ ಹೋಗಿ ಇನ್ನೊಂದು ಪಕ್ಷದ್ದು ಬಂದರೂ ಆ ಕುರ್ಚಿಗಳು ಬರಿದಾಗಿಯೇ ಇದ್ದವು. ಅಧಿಕಾರಿಗಳು ಆಡಳಿತ ನಡೆಸಿದರು. ಇದೇ ಕೆಲಸವನ್ನು ದಿಲ್ಲಿ ನಮ್ಮ ವಿಧಾನಸಭೆಗೆ ಮಾಡಿದ್ದರೆ ಊರೂರಿನಲ್ಲಿ ಕಹಳೆ ಊದುತ್ತಿದ್ದೆವು.

ನಮ್ಮೂರಿನಲ್ಲಿ ಚಾಳುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ, 1012ನೆಯ ಇಸವಿಯ ಒಂದು ಶಾಸನವಿದೆ. ಅಗ್ರಹಾರವಾಗಿದ್ದ ಊರಿನ ಕಟ್ಟಳೆಗಳನ್ನು ಅದರಲ್ಲಿ ಕೊರೆದಿದ್ದಾರೆ: ಅಕ್ಷರ ಕಲಿಸುವವನಿಗೆ ವೃತ್ತಿ, ಬೈದವನಿಗೆ ಇಷ್ಟು ದಂಡ, ಹೊಡೆದವನಿಗೆ ಇಷ್ಟು. ಅಂದಿನ ಮಹಾಜನರು ಊರಿನ ಎಲ್ಲರೂ ಆಗಿರಲಿಲ್ಲ. ಆ ಕಾಲ ಮರಳಿ ಬರಲೆಂದು ನಾನು ಹಂಬಲಿಸುತ್ತಿಲ್ಲ. ಆದರೆ ದೊರೆಯೊಬ್ಬನು ಊರಿನ ವ್ಯವಹಾರವನ್ನು ಊರಿಗೆ ಬಿಟ್ಟು, ಬಿಟ್ಟೆನೆಂದು ಕಲ್ಲಿನಲ್ಲಿ ಬರೆಸಬಹುದು ಎಂಬ ತಿಳಿವಳಿಕೆ ಈ ನೆಲಕ್ಕೆ ಸಾವಿರ ವರ್ಷ ಹಳೆಯದು. ಇಂದು ಆ ಕಲ್ಲಿನ ಜಾಗದಲ್ಲಿ ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿಯಿದೆ. ಅದರ ಊರಿನಲ್ಲಿ ಹೆಂಗಸರೂ ದಲಿತರೂ ಇದ್ದಾರೆ.

ನಾಳೆ ಮತ್ತೊಂದು ನಾಡಪರ ಪಕ್ಷ ಹುಟ್ಟಿ ನಮ್ಮ ಊರಿಗೆ ಮತ ಕೇಳಲು ಬಂದರೆ ನಾನು ಸಂತೋಷದಿಂದ ಅದರ ಮಾತು ಕೇಳುತ್ತೇನೆ. ‘ದಿಲ್ಲಿಯಿಂದ ಏನನ್ನು ತರುವಿರಿ?’ ಎಂದು ಕೇಳುವವರು ಬಹಳ ಜನ ಇರುತ್ತಾರೆ. ನಾನು ಕೇಳುವುದು ಬೇರೆ: ತಂದದ್ದರಲ್ಲಿ ಎಷ್ಟನ್ನು ಗದಗಕ್ಕೆ ಬಿಡುವಿರಿ, ಗದಗದಿಂದ ಎಷ್ಟು ಕೋಟುಮಚಗಿಗೆ ಇಳಿಯುತ್ತದೆ, ನಮ್ಮ ಪಂಚಾಯಿತಿಯ ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ನಡೆಸುವಿರೋ ಇಲ್ಲವೋ? ಇದಕ್ಕೆ ನೇರವಾಗಿ ಉತ್ತರ ಕೊಡುವ ಪಕ್ಷ ‘ಇತರರು’ ಎಂಬ ಸಾಲಿನಲ್ಲಿಯೇ ಉಳಿದರೂ ನನ್ನ ಮತ ಅದಕ್ಕೆ.