ಬಿಡುವಿನ ವೇಳೆ: ಅಂಗೈಯಗಲದ ಆಟಗಾರರು

ಬಿಡುವಿನ ವೇಳೆಯನ್ನು ಕಳೆಯುವ ಬಗೆಗಳು ಅನೇಕವುಂಟು. ಕಳೆದ ವೇಳೆಯ ಗುರುತಾಗಿ ಮನೆಯಲ್ಲಿ ಏನಾದರೊಂದನ್ನು ಉಳಿಸುವ ಬಗೆಗಳು ಕೆಲವೇ. ಅಂತಹದೊಂದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಆಟಗಾರರ ಚಿತ್ರದ ಕಾರ್ಡುಗಳನ್ನು ಹಳೆಯ ಕಾಲದ ಮಾದರಿಯಲ್ಲಿ ಸ್ವಹಸ್ತದಿಂದ ರಚಿಸುವುದೇ ಆ ಹವ್ಯಾಸ.

ಈ ಕಾರ್ಡುಗಳ ಹುಟ್ಟು ವಿನೋದವಾದುದು. ಸಿಗರೇಟಿನ ಪೊಟ್ಟಣವು ಮುದುಡದಿರಲೆಂದು ವರ್ತಕರು ಅದರೊಳಗೆ ದಪ್ಪ ಕಾಗದವೊಂದನ್ನು ಇಡುತ್ತಿದ್ದರು. ಬರಿಯ ಕಾಗದವೇಕೆಂದು ಮುಂದೆ ಅದರ ಮೇಲೆ ಚಿತ್ರಗಳನ್ನು ಅಚ್ಚು ಹಾಕಿಸಿದರು. ಇಂಗ್ಲೆಂಡಿನ ವಿಲ್ಸ್ ಕಂಪನಿಯವರು 1896ರಲ್ಲಿ ಕ್ರಿಕೆಟ್ ಆಟಗಾರರ ಮಾಲೆಯನ್ನು ಹೊರಡಿಸಿದರು. ಅಮೆರಿಕೆಯಲ್ಲಿ 1909ರಿಂದ 1911ರವರೆಗೆ ಬೇಸ್‌ಬಾಲ್ ಆಟಗಾರರ ಬಿಳಿಯಂಚಿನ ಕಾರ್ಡುಗಳು ಹೊರಟವು. ಅವುಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡೊಂದು 2021ರಲ್ಲಿ 66 ಲಕ್ಷ ಡಾಲರುಗಳಿಗೆ ಹರಾಜಾಯಿತು. ಪುಕ್ಕಟೆಯಾಗಿ ಬಂದ ಕಾಗದಕ್ಕೆ ಈ ಬೆಲೆ! ಅಂತಹದನ್ನು ಕೊಳ್ಳಲಾರದವರು ಅದೇ ಮಾದರಿಯಲ್ಲಿ ತಮ್ಮ ಮೆಚ್ಚಿನ ಆಟಗಾರರ ಕಾರ್ಡುಗಳನ್ನು ತಾವೇ ರಚಿಸಿಕೊಳ್ಳುತ್ತಾರೆ.

ಅಂಗೈಯಗಲದ ಚಿತ್ರಕಲೆಯು ನಮ್ಮ ನಾಡಿಗೆ ಹೊಸತೇನೂ ಅಲ್ಲ. ದಶಾವತಾರ ಗಂಜೀಫದ 120 ದುಂಡನೆಯ ಎಲೆಗಳನ್ನು ನಮ್ಮ ಚಿತ್ರಗಾರರು ಕೈಯಿಂದಲೇ ಬರೆಯುತ್ತಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಹೊಸ ಎಲೆಯಾಟಗಳ ವಿವರಗಳು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿವೆ.

ಈ ಕೆಲಸಕ್ಕೆ ದೊಡ್ಡ ಪಟ್ಟಣದ ಸಲಕರಣೆಗಳು ಬೇಕಿಲ್ಲ. ಸೇಡಂ ತಾಲೂಕಿನ ಕೋಡ್ಲಾದಂತಹ ಊರಿನಲ್ಲಿದ್ದೇ ಎಲ್ಲವನ್ನೂ ಒದಗಿಸಿಕೊಳ್ಳಬಹುದು. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದಕ್ಕೆ ಕತ್ತರಿಸತಕ್ಕದ್ದು. ಚಿತ್ರ ಬರೆಯುವ ತೆಳು ಕಾಗದವನ್ನು ತಿಳಿ ಚಹದ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿದರೆ ಹಳದಿ ಛಾಯೆ ಬರುತ್ತದೆ. ಸುತ್ತಲೂ ಅಂಚು ಬಿಟ್ಟು, ಎದೆಯ ಮಟ್ಟದ ಭಾವಚಿತ್ರವನ್ನು ಬರೆದು, ಮೂರು ನಾಲ್ಕು ಬಣ್ಣಗಳನ್ನು ಮಾತ್ರ ಬಳಸಬೇಕು. ಬಣ್ಣ ಹೆಚ್ಚಿದಷ್ಟೂ ಹಳೆಯ ಸೊಗಸು ಕೆಡುವುದು. ಕೆಳಗೆ ಹೆಸರನ್ನು ದುಂಡಗೆ ಬರೆದು, ಮೈದಾಹಿಟ್ಟಿನ ಅಂಟಿನಿಂದ ದಪ್ಪ ಕಾಗದಕ್ಕೆ ಹಚ್ಚಿ, ಒಂದು ರಾತ್ರಿ ಭಾರದ ಕೆಳಗೆ ಇಡಬೇಕು. ಆ ಭಾಗದ ಮನೆಗಳಲ್ಲಿ ಭಾರಕ್ಕೇನು ಕೊರತೆ? ಶಹಾಬಾದಿನ ಹಾಸುಗಲ್ಲಿನ ಒಂದು ತುಂಡು ಸಾಕು. ಅದರ ಸಮತಟ್ಟಾದ ಮೈ ಕಾರ್ಡನ್ನು ಡೊಂಕಾಗಗೊಡದು.

ಮುಖಕ್ಕಿಂತಲೂ ಬೆನ್ನಿನ ಬರಹವು ಕಠಿನ. ಬಿ. ಎಸ್. ಚಂದ್ರಶೇಖರರ ಕಾರ್ಡಿಗೆ ‘1971, ಓವಲ್, 38 ರನ್ನಿಗೆ 6 ವಿಕೆಟ್’ ಎಂಬ ಒಂದು ಸಾಲೇ ಸಾಕು. ಪೋಲಿಯೋ ತಗುಲಿದ ಕೈಯಿಂದಲೇ ಚೆಂಡೆಸೆದು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಸರಣಿಯನ್ನು ಗೆಲ್ಲಲು ನೆರವಾದ ಆ ಆಟವು ಗ್ರಂಥಗಳಲ್ಲಿ ದಾಖಲಾಗಿದೆ. ಆದರೆ ಊರ ಜಾತ್ರೆಯಲ್ಲಿ ಕುಸ್ತಿ ಗೆದ್ದವನ, ಶಾಲೆಯ ಬಯಲಿನಲ್ಲಿ ಖೋ-ಖೋ ಆಡಿ ಮದುವೆಯ ತರುವಾಯ ಆಟವನ್ನೇ ಬಿಟ್ಟ ಹೆಣ್ಣುಮಗಳ ಹೆಸರು ಯಾವ ಗ್ರಂಥದಲ್ಲಿದೆ? ಕಂಡವರ ನೆನಪಿನಲ್ಲಿ ಮಾತ್ರ ಅದು ಉಳಿದಿದೆ, ಅವರೊಡನೆಯೇ ಅಳಿಯುತ್ತದೆ. ಆದುದರಿಂದ ಪ್ರಖ್ಯಾತರ ಕಾರ್ಡುಗಳಿಂದ ಕೈ ಪಳಗಿದ ಮೇಲೆ ನಿಮ್ಮ ಊರಿನವರನ್ನೇ ಆರಿಸಿಕೊಳ್ಳಿರೆಂದು ನಮ್ಮ ಸಲಹೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಳೆಯ ಮಾದರಿಯ ಕಾರ್ಡು ಬೇರೆ, ಹಳೆಯದೆಂದು ನಂಬಿಸುವ ಕಾರ್ಡು ಬೇರೆ. ಪ್ರತಿಯೊಂದರ ಬೆನ್ನಿನ ಮೇಲೂ ರಚಿಸಿದವರ ಹೆಸರು, ರಚಿಸಿದ ವರ್ಷಗಳು ಇರಲೇಬೇಕು. ಹಾಗೆಯೇ ಸಂಗತಿಯನ್ನು ಹೇಳಿದವರು ಯಾರೆಂಬುದನ್ನೂ ಬರೆಯಿರಿ. ‘ಏಳು ಕುಸ್ತಿ ಗೆದ್ದ’ ಎಂದು ಒಬ್ಬರು, ‘ಐದು’ ಎಂದು ಇನ್ನೊಬ್ಬರು ಹೇಳಿದರೆ ಎರಡನ್ನೂ ಬರೆಯಿರಿ. ಅಭಿಮಾನದಿಂದ ಹತ್ತು ಮಾಡಬೇಡಿರಿ. ಬದುಕಿರುವವರ ಚಿತ್ರವಾದರೆ ಅವರ ಒಪ್ಪಿಗೆ ಪಡೆಯುವುದು ಸಭ್ಯತೆ.

ಚಿತ್ರ ಬರೆಯುವುದನ್ನು ಮಕ್ಕಳಿಗೆ ಬಿಡಿರಿ, ವಿಷಯ ಹೇಳುವುದನ್ನು ಹಿರಿಯರಿಗೆ ಬಿಡಿರಿ. ಮೊದಲನೆಯ ಕಾರ್ಡನ್ನು, ಕೇಳಿದ್ದಕ್ಕೆ ಉತ್ತರ ಹೇಳಬಲ್ಲ ಮುದುಕರು ಇರುವಾಗಲೇ, ಈ ತಿಂಗಳೇ ಪ್ರಾರಂಭಿಸುವುದು ಒಳ್ಳೆಯದು.