ಖಾಲಿ ಹಂಡೆಗೆ ಬೆಂಕಿ

ಹಳ್ಳಿ ಮನೆಯ ಬಚ್ಚಲಲ್ಲಿ ಹಂಡೆ ಒಲೆಗೆ ಬೆಂಕಿ ಹಾಕೋ ಮೊದಲು ಮುಚ್ಚಳ ತೆಗೆದು ನೀರಿದೆಯಾ ಅಂತ ನೋಡೋದನ್ನ ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಖಾಲಿ ಹಂಡೆಗೆ ಬೆಂಕಿ ಹಾಕಿದರೆ ತಳ ಹೋಗುತ್ತೆ, ಅಜ್ಜಿ ಬೈತಾರೆ. ಅಷ್ಟೇ ವಿಷಯ. ಅಮೆರಿಕದ ಆರ್.ವಿ.ಗಳಲ್ಲಿರೋ ಕರೆಂಟ್ ಹೀಟರಿಗೂ ಇದೇ ನಿಯಮ. ಆದರೆ ಅದಕ್ಕೆ ತೆಗೆದು ನೋಡೋ ಮುಚ್ಚಳ ಇಲ್ಲ, ಬೈಯೋಕೆ ಅಜ್ಜಿನೂ ಇಲ್ಲ :-)

ಆರ್.ವಿ. ಅಂದರೆ ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಒಳಗೇ ಇರೋ ಬಸ್ಸಿನಂಥ ಗಾಡಿ, ಅಥವಾ ಇನ್ನೊಂದು ಗಾಡಿ ಹಿಂದೆ ಕಟ್ಟಿಕೊಂಡು ಹೋಗೋ ಟ್ರೇಲರ್. ಇಲ್ಲಿರೋ ನಮ್ಮ ಕನ್ನಡದವರಲ್ಲೂ ಬೇಸಿಗೆ ರಜೆಗೆ ಬಾಡಿಗೆಗೆ ತಗೊಂಡು ಯೆಲ್ಲೋಸ್ಟೋನ್ ಕಡೆ ಹೊರಡೋರಿದ್ದಾರೆ. ನನ್ನ ಸ್ನೇಹಿತರೊಬ್ಬರು ಒಂದು ಹೆಜ್ಜೆ ಮುಂದೆ ಹೋಗಿ ಸೆಕೆಂಡ್ ಹ್ಯಾಂಡ್ ಟ್ರೇಲರನ್ನೇ ಕೊಂಡರು. ಗ್ಯಾಸಿನಲ್ಲಿ ಬಿಸಿನೀರು ಬರುತ್ತೆ, ಕರೆಂಟಿನಲ್ಲಿ ಬರಲ್ಲ. ವರ್ಕ್‌ಶಾಪಿನವನು ಹೊರಗಿನಿಂದ ಒಂದು ಸಲ ನೋಡಿ, "ಹೀಟರ್ ಪೂರ್ತಿ ಬದಲಾಯಿಸಬೇಕು, ಕೂಲಿ ಸೇರಿ ಸಾವಿರ ಡಾಲರ್ ದಾಟುತ್ತೆ" ಅಂದನಂತೆ. ಮೀಟರ್ ಹಿಡಿಯಲೇ ಇಲ್ಲ! ನನಗೆ ಸಿಟ್ಟು ಬಂದಿದ್ದು ಅಲ್ಲಿ. ಗ್ಯಾಸಿನಲ್ಲಿ ನೀರು ಕಾಯುತ್ತೆ ಅಂದಮೇಲೆ ಟ್ಯಾಂಕ್ ಸರಿಯಿದೆ, ಪೈಪುಗಳು ಸರಿಯಿವೆ ಅಂತ ಆಯ್ತಲ್ಲ? ಉಳಿಯೋದು ಬ್ರೇಕರ್, ಸ್ವಿಚ್ಚು, ಥರ್ಮೋಸ್ಟಾಟ್, ಆಮೇಲೆ ಎಲಿಮೆಂಟ್. ಇಷ್ಟಕ್ಕೆ ಇಡೀ ಹಂಡೆ ಯಾಕೆ ಬಿಸಾಕಬೇಕು?

ಯಂತ್ರ ಬಹಳ ಸರಳ. ಸಾಮಾನ್ಯವಾಗಿ 6 ಗ್ಯಾಲನ್, ಅಂದರೆ ಸುಮಾರು 23 ಲೀಟರಿನ ಟ್ಯಾಂಕ್. ಒಂದು ಕಡೆ ಗ್ಯಾಸ್ ಬರ್ನರ್, ಇನ್ನೊಂದು ಕಡೆ ನೀರೊಳಗೆ ಮುಳುಗಿರೋ 1440 ವ್ಯಾಟಿನ ಎಲಿಮೆಂಟ್. ಇಲ್ಲಿನ 120 ವೋಲ್ಟಿಗೆ ಅದು 12 ಆಂಪಿಯರ್ ಎಳೆಯುತ್ತೆ. ನೀರು 54 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಥರ್ಮೋಸ್ಟಾಟ್ ಕಡಿತ ಮಾಡುತ್ತೆ, ಅದು ಕೈಕೊಟ್ಟರೆ 82ರ ಹತ್ತಿರ ಇನ್ನೊಂದು ಸುರಕ್ಷಾ ಸ್ವಿಚ್ಚು. ನಮ್ಮ ಬೆಂಗಳೂರಿನ ಗೀಸರಿನ ಒಳಗಿರೋದೂ ಹೆಚ್ಚುಕಮ್ಮಿ ಇದೇ ಸಂಸಾರ.

ಹಾಗಾದರೆ ಎಲಿಮೆಂಟ್ ಸುಡೋದು ಯಾಕೆ? ಇಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಟ್ಯಾಂಕೇ ಒಡೆಯಬಹುದು. ಅದಕ್ಕೆ ಟ್ಯಾಂಕ್ ಖಾಲಿ ಮಾಡಿ, ನೀರು ಟ್ಯಾಂಕಿಗೆ ಹೋಗದೆ ಪಕ್ಕದಿಂದ ಹಾದುಹೋಗೋ ಹಾಗೆ ಬೈಪಾಸ್ ವಾಲ್ವ್ ತಿರುಗಿಸಿ, ಪೈಪುಗಳಿಗೆ ಮಾತ್ರ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬುತ್ತಾರೆ. ವಸಂತ ಬಂತು, ಗಾಡಿ ಹೊರಗೆ ತೆಗೆದರು, ಬೈಪಾಸ್ ಮರೆತರು. ಮಜಾ ನೋಡಿ, ಬಿಸಿನೀರಿನ ನಲ್ಲಿ ತಿರುಗಿಸಿದರೆ ನೀರು ಧಾರಾಳವಾಗಿ ಬರುತ್ತೆ! ತಣ್ಣಗಿರುತ್ತೆ ಅಷ್ಟೇ. "ಓ, ಹೀಟರ್ ಹಾಕಿಲ್ಲ" ಅಂತ ಸ್ವಿಚ್ ಒತ್ತುತ್ತಾರೆ. ಒಳಗೆ ಖಾಲಿ ಟ್ಯಾಂಕಿನ ಗಾಳಿಯಲ್ಲಿ 1440 ವ್ಯಾಟ್. ಆ ಶಾಖ ಎಳೆದುಕೊಳ್ಳೋಕೆ ನೀರೇ ಇಲ್ಲದ ಮೇಲೆ ಎಲಿಮೆಂಟ್ ನೋಡನೋಡುತ್ತಾ ಸುಟ್ಟುಹೋಗುತ್ತೆ. ಹೊರಗಿನವರಿಗೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಥರ್ಮೋಸ್ಟಾಟ್ ಯಾಕೆ ಕಾಪಾಡಲಿಲ್ಲ ಅಂದರೆ, ಅದು ಕೂತಿರೋದು ಟ್ಯಾಂಕಿನ ಗೋಡೆಗೆ ಅಂಟಿಕೊಂಡು. ಗೋಡೆಗೆ ಬಿಸಿ ತಟ್ಟೋ ಹೊತ್ತಿಗೆ ಎಲಿಮೆಂಟಿನ ಕಥೆ ಮುಗಿದಿರುತ್ತೆ.

ಇದನ್ನ ಬಳಸೋರ ಅಜಾಗರೂಕತೆ ಅಂತ ಬರೆದು ಕೈತೊಳೆದುಕೊಳ್ಳೋದು ನನಗೆ ಒಪ್ಪಿಗೆಯಿಲ್ಲ. ಟೀ ಮಾಡೋ ಎಲೆಕ್ಟ್ರಿಕ್ ಕೆಟಲ್ ನೋಡಿ, ನೀರಿಲ್ಲದೆ ಹಾಕಿದರೆ ತಾನೇ ಆರುತ್ತೆ. ಅಡಿಯ ತಟ್ಟೆಗೆ ತಾಗಿಕೊಂಡೇ ಒಂದು ಲೋಹದ ಪಟ್ಟಿ ಇಟ್ಟಿರುತ್ತಾರೆ, ಅದು ಬಿಸಿಗೆ ಬಾಗಿ ಕರೆಂಟ್ ಕಡಿಯುತ್ತೆ. ಕೆಟಲ್ಲಿಗೆ ಇರೋ ಬುದ್ಧಿ ನೂರಾರು ಡಾಲರಿನ ಹೀಟರಿಗೆ ಯಾಕಿರಬಾರದು? "ನೀರು ತುಂಬದೆ ಹಾಕಬೇಡಿ" ಅಂತ ಪುಸ್ತಕದಲ್ಲಿ ಬರೆದಿದೆ ನಿಜ. ಸೆಕೆಂಡ್ ಹ್ಯಾಂಡ್ ಗಾಡಿ ಜೊತೆ ಆ ಪುಸ್ತಕ ಬರುತ್ತಾ? ಬಾಡಿಗೆಗೆ ತಗೊಂಡವರ ಕೈಗೆ ಕೊಡ್ತಾರಾ? ಮೇಲಿಂದ, ಕೆಲವು ಮಾಡೆಲ್‌ಗಳಲ್ಲಿ ಕರೆಂಟಿನ ಸ್ವಿಚ್ಚು ಗಾಡಿಯ ಹೊರಗಡೆ, ಹೀಟರಿನ ಬಾಗಿಲ ಹಿಂದೆ ಮೂಲೆಯಲ್ಲಿರುತ್ತೆ. ಕಪ್ಪು ಪೆಟ್ಟಿಗೆಗೆ ಕಪ್ಪು ಸ್ವಿಚ್ಚು. ಅಂಥದೊಂದು ಇದೆ ಅಂತ ಗೊತ್ತಿಲ್ಲದೆ ವರ್ಷಗಟ್ಟಲೆ ಗ್ಯಾಸ್ ಮಾತ್ರ ಉರಿಸಿದವರಿದ್ದಾರೆ.

ಸ್ನೇಹಿತರ ಟ್ರೇಲರಿಗೆ ಬರೋಣ. ಬ್ರೇಕರ್ ಆರಿಸಿ, ಕರೆಂಟ್ ನಿಜವಾಗಿ ಹೋಗಿದೆಯಾ ಅಂತ ಮೀಟರಿನಲ್ಲಿ ನೋಡಿ, ಎಲಿಮೆಂಟಿನ ಎರಡೂ ವೈರ್ ಬಿಚ್ಚಿ ಓಮ್ ಅಳೆದೆವು. ಲೆಕ್ಕ ಸುಲಭ, 120ನ್ನ 120ರಿಂದ ಗುಣಿಸಿ 1440ರಿಂದ ಭಾಗಿಸಿ: 10 ಓಮ್. ಅಷ್ಟು ಅಥವಾ ಅದರ ಆಸುಪಾಸು ಬಂದರೆ ಎಲಿಮೆಂಟ್ ಜೀವಂತ. ನಮಗೆ ಏನೂ ಬರಲಿಲ್ಲ, ತಂತಿ ಒಳಗೇ ಕಡಿದಿದೆ. ಹಳೇ ಯಜಮಾನನ ಯಾವುದೋ ವಸಂತದ ಕೆಲಸ. ಇನ್ನೊಂದು ಅಳತೆನೂ ಬಿಡಬಾರದು, ಎಲಿಮೆಂಟಿನ ಸ್ಕ್ರೂಗೂ ಟ್ಯಾಂಕಿಗೂ ನಡುವೆ. ಅಲ್ಲಿ ಮೀಟರ್ ಏನಾದರೂ ತೋರಿಸಿದರೆ ಹೊರಕವಚ ಸೀಳಿದೆ, ಕರೆಂಟ್ ನೀರಿಗೆ ಸೋರ್ತಿದೆ ಅಂತ ಅರ್ಥ. ಅಂಥದನ್ನ ಒಂದು ದಿನವೂ ಬಳಸಬಾರದು. 10 ಓಮ್ ಸರಿಯಾಗಿ ಬಂದೂ ಕಾಯದಿದ್ದರೆ ಸುರಕ್ಷಾ ಸ್ವಿಚ್ಚಿನ ರಿಸೆಟ್ ಗುಂಡಿ ಒತ್ತಿ ನೋಡಬೇಕು.

ಎಷ್ಟೋ ಸಲ ಏನೂ ಕೆಟ್ಟೇ ಇರಲ್ಲ. ಗಾಡಿಯ ಹೊರಗೆ ಕಾಲು ತೊಳೆಯೋಕೆ ಒಂದು ಶವರ್ ಇರುತ್ತೆ. ಅದರ ಎರಡೂ ನಲ್ಲಿ ತೆರೆದಿಟ್ಟು ತುದಿಯ ಗುಂಡಿ ಮಾತ್ರ ಮುಚ್ಚಿದ್ದರೆ, ತಣ್ಣೀರು ಅಲ್ಲೇ ಬಿಸಿನೀರಿನ ಪೈಪಿಗೆ ನುಗ್ಗಿ ಒಳಗೆಲ್ಲ ಉಗುರುಬೆಚ್ಚಗೆ! ಇದಕ್ಕೂ ಜನ ಎಲಿಮೆಂಟ್ ಬದಲಾಯಿಸ್ತಾರೆ, ಏನು ಹೇಳೋದು. ಇನ್ನು ಕ್ಯಾಂಪಿನ ಕರೆಂಟ್. ಜನ ತುಂಬಿದ ಬೇಸಿಗೆಯಲ್ಲಿ ವೋಲ್ಟೇಜ್ 108ಕ್ಕೆ ಇಳಿದರೆ 1440 ವ್ಯಾಟ್ ಇದ್ದದ್ದು 1170ರ ಹತ್ತಿರ ಬರುತ್ತೆ. 15 ಡಿಗ್ರಿ ನೀರು ಪೂರ್ತಿ ಕಾಯೋಕೆ 43 ನಿಮಿಷ ಬೇಕಾದಲ್ಲಿ 53 ನಿಮಿಷ. ಹೀಟರ್ ಕೆಟ್ಟಿಲ್ಲ, ಕಾಯಬೇಕು ಅಷ್ಟೇ. 30 ಆಂಪಿಯರಿನ ಗಾಡಿಯಲ್ಲಿ ಎ.ಸಿ., ಹೀಟರ್, ಮೈಕ್ರೋವೇವ್ ಮೂರೂ ಒಟ್ಟಿಗೆ ಹಾಕಿ ಬ್ರೇಕರ್ ಬೀಳುತ್ತೆ ಅಂತ ಗೋಳಾಡೋರಿಗೆ ನನ್ನ ಹತ್ರ ಔಷಧಿ ಇಲ್ಲ.

ಬದಲಾಯಿಸಿದ್ದು ಒಂದು ಶನಿವಾರ ಮಧ್ಯಾಹ್ನ. ಗ್ಯಾಸ್ ಬಂದ್, ಬ್ರೇಕರ್ ಬಂದ್, ನೀರಿನ ಪೈಪ್ ಬಂದ್, ನೀರು ಪೂರ್ತಿ ತಣ್ಣಗಾಗೋವರೆಗೂ ಕಾದಿದ್ದು. ಮೊದಲು ಪ್ರೆಶರ್ ರಿಲೀಫ್ ವಾಲ್ವಿನ ಹಿಡಿ ಎತ್ತಿ ಒತ್ತಡ ಇಳಿಸಿ, ಆಮೇಲೆ ತಳದ ಪ್ಲಗ್ ಬಿಚ್ಚಬೇಕು. ಈ ಕ್ರಮ ತಪ್ಪಿ ಬಿಸಿ ಟ್ಯಾಂಕಿನ ಪ್ಲಗ್ ಬಿಚ್ಚಿದರೆ ಕುದಿನೀರು ಎದೆಗೇ ಹಾರುತ್ತೆ. ಎಲಿಮೆಂಟ್ ಬಿಚ್ಚೋಕೆ ಒಂದೂವರೆ ಇಂಚಿನ ಸಾಕೆಟ್, ಹೊಸ ವಾಷರ್, ಅಷ್ಟೇ ವ್ಯಾಟಿನ ಹೊಸ ಎಲಿಮೆಂಟ್. ಬೇಗ ಕಾಯಲಿ ಅಂತ 2000 ವ್ಯಾಟಿಂದು ಹಾಕೋ ಬುದ್ಧಿವಂತರಿದ್ದಾರೆ. ಆ ವೈರು, ಆ ಬ್ರೇಕರು ಅದಕ್ಕೆ ಅಂತ ಮಾಡಿದ್ದಲ್ಲ. ನಮ್ಮ ಖರ್ಚು ಎಲ್ಲ ಸೇರಿ ನಲವತ್ತು ಡಾಲರಿನ ಒಳಗೆ.

ಪ್ಲಗ್ ಬಿಚ್ಚಿದಾಗ ಅದರ ತುದಿಗಿರೋ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಿ. ಸಬರ್ಬನ್ ಕಂಪನಿಯ ಟ್ಯಾಂಕ್ ಉಕ್ಕಿನದು, ಅದರ ಬದಲು ತುಕ್ಕಿಗೆ ತಾನು ಬಲಿಯಾಗೋದೇ ಈ ಕಡ್ಡಿಯ ಉದ್ಯೋಗ. ಮುಕ್ಕಾಲು ಭಾಗ ಸವೆದಿದ್ದರೆ ಹೊಸದು ಹಾಕಬೇಕು. ಆಟ್‌ವುಡ್ ಟ್ಯಾಂಕ್ ಅಲ್ಯೂಮಿನಿಯಮ್ಮಿನದು, ಅದರಲ್ಲಿ ಕಡ್ಡಿ ಇರೋದಿಲ್ಲ, ಹಾಕಲೂಬಾರದು. ಬೆಂಗಳೂರಲ್ಲಿ ಬೋರ್‌ವೆಲ್ ನೀರು ಕುಡಿಯೋ ಗೀಸರ್ ಇರೋರೂ ಕೇಳಿಸಿಕೊಳ್ಳಿ, ನಿಮ್ಮದರಲ್ಲೂ ಸಾಮಾನ್ಯವಾಗಿ ಇಂಥದೊಂದು ಕಡ್ಡಿ ಇರುತ್ತೆ, ಎಲಿಮೆಂಟಿನ ಮೇಲೆ ಸುಣ್ಣದ ಪದರ ಬೇರೆ. "ಗೀಸರ್ ಹೋಯ್ತು ಸಾರ್, ಹೊಸದು ತಗೊಳ್ಳಿ" ಅಂದಾಗ ಒಮ್ಮೆ ಬಿಚ್ಚಿಸಿ ನೋಡಿ.

ಕರೆಂಟು, ನೀರು ಎರಡೂ ಇರೋ ಕಡೆ ಕೈಹಾಕಬೇಡಿ ಅನ್ನೋರ ಮಾತನ್ನ ನಾನು ತಳ್ಳಿಹಾಕಲ್ಲ. ಗ್ಯಾಸಿನ ಭಾಗ ನಾನೂ ಮುಟ್ಟಲ್ಲ. ಮೀಟರ್ ಹಿಡಿದು ಅಭ್ಯಾಸ ಇಲ್ಲದವರು ಬಲ್ಲವರಿಂದಲೇ ಮಾಡಿಸಲಿ. ಆದರೆ "ಎಷ್ಟು ಓಮ್ ಬಂತು?" ಅಂತ ಕೇಳೋಕೆ ಯಾವ ಅಪಾಯವೂ ಇಲ್ಲ. ಆ ಒಂದು ಪ್ರಶ್ನೆಗೆ ವರ್ಕ್‌ಶಾಪಿನವನ ಸಾವಿರ ಡಾಲರ್ ಎಷ್ಟು ಬೇಗ ಕರಗುತ್ತೆ ನೋಡಿ.

ಈ ಬೇಸಿಗೆ ಆರ್.ವಿ. ಬಾಡಿಗೆಗೆ ತಗೊಳ್ಳೋರು ಬೈಪಾಸ್ ವಾಲ್ವ್ ಎಲ್ಲಿದೆ ತೋರಿಸು ಅಂತ ಬೀಗದಕೈ ತಗೊಳ್ಳೋ ಮೊದಲೇ ಕೇಳಿ. ಖಾಲಿ ಟ್ಯಾಂಕಿಗೆ ನೀರು ಬಿಟ್ಟಾಗ ಬಿಸಿನೀರಿನ ನಲ್ಲಿ ಮೊದಲು ಕೆಲವು ನಿಮಿಷ ಬುಸ್ ಬುಸ್ ಅಂತ ಗಾಳಿ ಉಗುಳಬೇಕು, ಆಮೇಲೆ ಧಾರೆ. ಟ್ಯಾಂಕ್ ಖಾಲಿ ಅಂತ ಗೊತ್ತಿದ್ದೂ ತಕ್ಷಣ ನೀರು ಬಂದರೆ ಸ್ವಿಚ್ ಮುಟ್ಟಬೇಡಿ, ಬೈಪಾಸ್ ಹುಡುಕಿ. ನನ್ನ ಸ್ನೇಹಿತರಂತೂ ಚಳಿಗಾಲದಲ್ಲಿ ಬ್ರೇಕರ್ ಆರಿಸಿ, ಅದರ ಮೇಲೆ ಕೆಂಪು ಟೇಪ್ ಅಂಟಿಸಿ "ಹಂಡೆ ಖಾಲಿ" ಅಂತ ಕನ್ನಡದಲ್ಲೇ ಬರೆದಿಟ್ಟಿದ್ದಾರೆ.