ಕಟ್ಟಲು ಹಣವುಂಟು, ಓಡಿಸಲು ಇಲ್ಲ

ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿ ನಮ್ಮ ಘಟ್ಟದ ಓದುಗರಿಗೆ ದೂರದ ಹೆಸರು. ಅಲ್ಲಿ ತೊಗರಿ, ಇಲ್ಲಿ ಅಡಿಕೆ. ಮಳೆ, ಮಣ್ಣುಗಳಲ್ಲಿಯೂ ಹೋಲಿಕೆಯಿಲ್ಲ. ಆದರೆ ಸಂಜೆ ಕಾಲೇಜು ಬಿಟ್ಟ ಹುಡುಗಿ ಊರು ಸೇರಲು ಎರಡೂ ಕಡೆ ಕಾಯುವುದು ಸಾರಿಗೆ ಬಸ್ಸನ್ನೇ.

ಆ ಸೀಮೆಗೆ ಬೀದರ್-ಕಲಬುರಗಿ ರೈಲು ಮಾರ್ಗ ಪೂರ್ಣವಾಗಿ ದೊರೆತದ್ದು 2017ರ ಅಕ್ಟೋಬರ್ 29ರಂದು. ಹುಮನಾಬಾದ್ ಮೂಲಕ ಹಾಯುವ, ಸುಮಾರು 110 ಕಿ.ಮೀ. ಉದ್ದದ ಈ ಮಾರ್ಗಕ್ಕೆ ಎರಡು ದಶಕ ಹಿಡಿಯಿತು. 370 ಕೋಟಿ ರೂಪಾಯಿಯ ಆಸುಪಾಸಿನಲ್ಲಿದ್ದ ಅಂದಾಜು 1,500 ಕೋಟಿ ದಾಟಿತು. ರೈಲು ಬೇಡವೆಂದು ನಾನು ಹೇಳಲಾರೆ. ಆದರೆ ನಿಲ್ದಾಣದಲ್ಲಿ ಇಳಿದವನನ್ನು ಹಳ್ಳಿಗೆ ಒಯ್ಯಬೇಕಾದುದು ಬಸ್ಸು. ರೈಲು ಕೇಂದ್ರದ್ದು, ಬಸ್ಸು 2021ರಿಂದ ಕಲ್ಯಾಣ ಕರ್ನಾಟಕವೆಂಬ ಹೆಸರು ಪಡೆದ ರಸ್ತೆ ಸಾರಿಗೆ ನಿಗಮದ್ದು. ಎರಡರ ವೇಳೆ ಹೊಂದಿಸುವ ಹೊಣೆಯನ್ನು ಯಾರೂ ಹೊತ್ತಂತೆ ಕಾಣದು.

ಈ ರೋಗ ನಮ್ಮದು ಮಾತ್ರವಲ್ಲ. ಅಮೆರಿಕೆಯ ಕೇಂದ್ರ ಸರ್ಕಾರವು ಗ್ಯಾಲನ್ ಪೆಟ್ರೋಲಿನ ಮೇಲೆ ವಿಧಿಸುವ 18.4 ಸೆಂಟ್ ತೆರಿಗೆ 1993ರಿಂದ ಏರಿಲ್ಲ. ಅದರಲ್ಲಿ ಸಾರ್ವಜನಿಕ ಸಾರಿಗೆಗೆ ಸಲ್ಲುವುದು 2.86 ಸೆಂಟ್, ಉಳಿದದ್ದರ ಬಹುಪಾಲು ಹೆದ್ದಾರಿಗೆ. ಎರಡು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಬಸ್ಸು ಕೊಳ್ಳಲು, ಹಳಿ ಹಾಕಲು ನೆರವುಂಟು. ಚಾಲಕನ ಸಂಬಳಕ್ಕೆ 1998ರಿಂದ ಸಾಮಾನ್ಯವಾಗಿ ಇಲ್ಲ. ಬಾವಿ ತೋಡಲು ಸಾಲ ಕೊಟ್ಟು, ನೀರೆತ್ತಲು ವಿದ್ಯುತ್ ಕೊಡದ ನೀತಿಯಿದು. 2020ರ ಕೊರೋನಾ ಕಾಲದಲ್ಲಿ 2,500 ಕೋಟಿ ಡಾಲರ್ ಕೊಟ್ಟು ಸರ್ಕಾರವೇ ಈ ನಿಯಮ ಸಡಿಲಿಸಬೇಕಾಯಿತು. ವಿಚಿತ್ರವೆಂದರೆ, ಅದೇ ದೇಶದಲ್ಲಿ ಗ್ರಾಮೀಣ ಬಸ್ಸು ಓಡಿಸುವ ನಷ್ಟದ ಅರ್ಧದವರೆಗೆ ಕೇಂದ್ರವೇ ಭರಿಸುತ್ತದೆ. ನಾವು ಕಲಿಯಬೇಕಾದದ್ದು ಇದನ್ನು. ನಮ್ಮ ಯೋಜಕರು ಕಲಿತದ್ದು ಮೇಲ್ಸೇತುವೆಗಳನ್ನು!

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ದೊಡ್ಡ ಉಪಕಾರ ಮಾಡಿದೆ. ಆದರೆ ಅದರ ಹಣ ನಿಗಮಕ್ಕೆ ಸಲ್ಲುವುದು ಹರಿದ ಟಿಕೆಟಿನ ಲೆಕ್ಕದಲ್ಲಿ. ಹಾಗಾಗಿ ತುಂಬಿದ ಬಸ್ಸಿಗೆ ಬೆಲೆಯುಂಟು. ರಾತ್ರಿ ಎಂಟಕ್ಕೆ ಹತ್ತು ಜನರನ್ನು ಹೊತ್ತು ಹಳ್ಳಿಗೆ ಬಂದು ತಂಗಿ, ನಸುಕಿನಲ್ಲಿ ಮರಳುವ ವಸತಿ ಬಸ್ಸಿಗೆ ಇಲ್ಲ. ಆ ಬಸ್ಸು ನಿಂತರೆ ರೈತ ಸಾಲ ಮಾಡಿ ಮೋಟಾರ್ ಸೈಕಲ್ ಕೊಳ್ಳುತ್ತಾನೆ, ಹುಡುಗಿಯ ಓದು ನಿಲ್ಲುತ್ತದೆ.

ಆದ್ದರಿಂದ ಹಳ್ಳಿಯ ಬಸ್ಸಿಗೆ ಟಿಕೆಟಿನ ಲೆಕ್ಕವಲ್ಲದೆ ಓಡಿದ ಕಿಲೋಮೀಟರಿನ ಲೆಕ್ಕದಲ್ಲಿಯೂ ಸರ್ಕಾರ ಹಣ ಕೊಡಬೇಕು. ದುಬಲಗುಂಡಿಯವರೂ ನಾವೂ ಗ್ರಾಮಸಭೆಯಲ್ಲಿ ಹೊಸ ತಂಗುದಾಣ ಕೇಳುವ ಮೊದಲು, ಕೊನೆಯ ಬಸ್ಸು ಕಳೆದ ತಿಂಗಳು ಎಷ್ಟು ದಿನ ಬಂತೆಂಬುದನ್ನು ಬರೆದಿಟ್ಟು ಡಿಪೋಗೆ ಒಯ್ಯೋಣ.